ಓವನ್ನಿನ ದೀಪದಲ್ಲಿ ಮಾಗಿದ ಬೋರ್ಡೋ

ಗೊತ್ತಿಲ್ಲದ ವಿಷಯಕ್ಕೆ ಗಂಭೀರವಾಗಿ ತಲೆಯಾಡಿಸುವ ರೋಗ ನನಗೆ ಮೈಸೂರಿನಲ್ಲಿದ್ದಾಗಲೇ ಇತ್ತು. ಆಗ ಸಂಗೀತ ಕಚೇರಿಗಳಲ್ಲಿ ಆಡಿಸುತ್ತಿದ್ದೆ. ದೇಶ ಬಿಟ್ಟು ಬಂದು ಎವರ್‌ಗ್ರೀನಿನಲ್ಲಿ ಮನೆ ಮಾಡಿದ ಮೇಲೆ ವೈನಿಗೆ ಆಡಿಸುತ್ತಿದ್ದೇನೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತಾರೆ. ಇಲ್ಲಿನ ಕತ್ತೆಗಳಿಗೂ ಗೊತ್ತಿಲ್ಲ, ಒಪ್ಪಿಕೊಳ್ಳುವ ಅಭ್ಯಾಸವಿಲ್ಲ ಅಷ್ಟೆ. ನಮ್ಮವರದೇ ಒಂದು ವೈನ್ ಕೂಟವಿದೆ. ಅದರ ಯಜಮಾನ ಲಾಸ್ ಗ್ಯಾಟೋಸಿನ ಶ್ರೀವತ್ಸ. ಅವನನ್ನು ಮನೆಗೆ ಕರೆದು, ಒಳ್ಳೆಯ ಬಾಟಲಿ ತೆರೆದು ಮೆಚ್ಚಿಸಿದವರಿಗೆ ಮಾತ್ರ ಕೂಟದಲ್ಲಿ ಜಾಗ. ನನಗೆ ಆ ಜಾಗ ಬೇಕೇ ಬೇಕಿತ್ತು, ಏಕೆಂದರೆ ಇಲ್ಲೇ ಹತ್ತಿರದ ಡಬ್ಲಿನ್ನಿನ ನನ್ನ ಷಡ್ಡಕನಿಗೆ ಆಗಲೇ ಸಿಕ್ಕಿತ್ತು.

ಹೀಗಾಗಿ ಬೋರ್ಡೋದ ಒಂದು ಹಳೆಯ ಕೆಂಪು ವೈನ್ ತಂದೆ. ನಮ್ಮ ಮದುವೆಗಿಂತ ಹಳೆಯದು. ಅದನ್ನು ಮಾಡಿದ ಫ್ರೆಂಚ್ ಎಸ್ಟೇಟಿನ ಚರಿತ್ರೆಯನ್ನೂ ಬಾಯಿಪಾಠ ಮಾಡಿದೆ: ಒಂದೇ ಮನೆತನ, ಬೆಣಚುಕಲ್ಲಿನ ನೆಲ, ಈಗಲೂ ಕುದುರೆ ಕಟ್ಟಿ ಉಳುಮೆ, ತಣ್ಣನೆಯ ನೆಲಮಾಳಿಗೆ. ನನ್ನ ಮುತ್ತಜ್ಜನ ಹೆಸರು ಕೇಳಿದರೆ ತಡವರಿಸುತ್ತೇನೆ; ಆ ಮನೆತನದ ಐದು ತಲೆಮಾರು ನಾಲಗೆಯ ತುದಿಯಲ್ಲಿತ್ತು. ಕಪಾಟಿನ ಕತ್ತಲಲ್ಲಿ ಮಲಗಿಸಿಟ್ಟಿದ್ದ ಬಾಟಲಿ ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಯವರ ಕಣ್ಣಿಗೆ ಬಿತ್ತು. ಅವರೆದುರು ವೈನ್ ಎನ್ನುವ ಧೈರ್ಯ ನನಗೆಲ್ಲಿಯದು?

“ದ್ರಾಕ್ಷಿ ರಸ ಅತ್ತೆ. ಹುಳಿ ಬರ್ಲಿ ಅಂತ ಇಟ್ಟಿದೀನಿ.”

“ಎಷ್ಟು ದಿನಾ ಆತ್ರಿ?”

“ಇಪ್ಪತ್ತೈದು ವರ್ಷ.”

ಅವರು ನನ್ನನ್ನು ಮರುಕದಿಂದ ನೋಡಿ ಅಡುಗೆಮನೆಗೆ ಹೋದರು.

ವಾರ ಕಳೆದು ಶನಿವಾರ ಶ್ರೀವತ್ಸ ಬಂದ. ಗ್ಲಾಸು ತಿರುಗಿಸಿದ, ಮೂಗು ಇಳಿಸಿದ, ಕಣ್ಣು ಮುಚ್ಚಿದ. “ಲೆದರು... ಟೊಬ್ಯಾಕೋ... ಒದ್ದೆ ಮಣ್ಣು” ಎಂದ. ಚಪ್ಪಲಿ, ಬೀಡಿ, ಕೆಸರು ಇರುವುದನ್ನು ಕುಡಿಯುವುದೇಕೆ ಎಂದು ನಾನು ಕೇಳಲಿಲ್ಲ. ತಲೆಯಾಡಿಸಿ, ನನಗೆ ಬೆಣಚುಕಲ್ಲೂ ಸಿಕ್ಕಿತು ಎಂದೆ. “ನೋಡಿ ಸಾರ್, ಈ ಬ್ಯಾಲೆನ್ಸು ಬರೋದು ತಣ್ಣಗೆ ಇಟ್ಟಿದ್ರೆ ಮಾತ್ರ. ಸ್ವಲ್ಪ ಬಿಸಿ ತಗುಲಿದ್ರೂ ವೈನು ಸತ್ತೇಹೋಗತ್ತೆ. ನೀವು ನಮ್ಮ ಗ್ರೂಪಿಗೆ ಬಂದ್ಬಿಡಿ!” ಎಂದ. ಷಡ್ಡಕನ ಬಾಡಿದ ಮುಖ ನನ್ನ ಕಣ್ಣ ಮುಂದೆ ಬಂದು ಬಹಳ ಸಂತೋಷವಾಯಿತು.

ಈ ಊರಿನ ಚಳಿಗೆ ದೋಸೆ ಹಿಟ್ಟು ಹುಳಿ ಬರುವುದಿಲ್ಲ. ಅದಕ್ಕೇ ನಾವೆಲ್ಲ ಅದನ್ನು ಓವನ್ನಿನೊಳಗೆ ಇಟ್ಟು, ಬರೀ ಒಳಗಿನ ದೀಪ ಹಾಕಿಡುತ್ತೇವೆ; ಅದರ ಕಾವೇ ಸಾಕು. ದೋಸೆಯ ತಟ್ಟೆ ಹಿಡಿದು ಬಂದ ಅತ್ತೆಯವರು ಶ್ರೀವತ್ಸನ ತಣ್ಣಗಿಡುವ ಮಾತು ಕೇಳಿಸಿಕೊಂಡಿದ್ದರು. “ಥಂಡ್ಯಾಗ ಇಟ್ರ ಹ್ಯಾಂಗ ಹುಳಿ ಬರಬೇಕ್ರಿ? ಪಾಪ, ಇಪ್ಪತ್ತೈದು ವರ್ಷ ಕಾದಾರ. ಅದಕ್ಕ ನಾನು ವಾರದಿಂದ ದ್ವಾಸಿ ಹಿಟ್ಟಿನ ಜೋಡಿ ಓವನ್ನಿನ್ಯಾಗ ಇಟ್ಟಿದ್ದೆ. ಇವತ್ತ ಮುಂಜಾನೆ ತಗದು ಕಪಾಟಿನ್ಯಾಗ ಇಟ್ಟೆ. ಈಗ ಛಲೋ ಆಗೇದಲ್ರೀ?”

ಶ್ರೀವತ್ಸನ ಗ್ಲಾಸು ತುಟಿಯ ಹತ್ತಿರವೇ ನಿಂತಿತು. ಆಮೇಲೆ ಅವನು ಅದನ್ನು ಕೆಳಗಿಟ್ಟು, ನಾಲ್ಕು ದೋಸೆ ತಿಂದು ಎದ್ದುಹೋದ. ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಅತ್ತೆಯವರನ್ನು ಅನ್ನುವಂತಿಲ್ಲ, ಸುಳ್ಳು ಹೇಳಿದವನು ನಾನೇ. ಉಳಿದದ್ದನ್ನು ಒಬ್ಬನೇ ಕುಡಿದೆ. ಹಾಳು ನಾಲಗೆಗೆ ಆಗಲೂ ಅದು ಚೆನ್ನಾಗಿಯೇ ಇತ್ತು.

ಮೂರು ದಿನ ಬಿಟ್ಟು ಶ್ರೀವತ್ಸನ ಫೋನು ಬಂತು. ಕೂಟಕ್ಕೆ ಬರಬೇಡಿ ಎನ್ನಲಿಕ್ಕೇ ಇರಬೇಕೆಂದುಕೊಂಡೆ. ಅವನು ದನಿ ತಗ್ಗಿಸಿ, “ಯಾರಿಗೂ ಹೇಳ್ಬೇಡಿ ಸಾರ್, ನನ್ನ ಹತ್ರಾನೂ ಅಂಥದ್ದೇ ಒಂದು ಬಾಟ್ಲು ಇದೆ. ಓವನ್ನಲ್ಲಿ ಎಷ್ಟು ದಿನ ಇಡ್ಬೇಕು?” ಎಂದ.

ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ನಾನು ಫೋನಿಗೇ ಗಂಭೀರವಾಗಿ ತಲೆಯಾಡಿಸಿ, “ಅದು ಹಿಟ್ಟಿಗೆ ಎಷ್ಟು ಮೆಂತ್ಯ ಹಾಕಿರ್ತೀರಿ ಅನ್ನೋದರ ಮೇಲೆ ಹೋಗತ್ತೆ” ಎಂದೆ.