ಎಂಟನೇ ನಂಬರಿನ ಪಾದ

ಮೆಟ್ಟಿಲ ಮೇಲೆ ಯಾರೋ ಬೂಟಿನ ಪೆಟ್ಟಿಗೆಯ ಮುಚ್ಚಳ ಬಿಟ್ಟುಹೋಗಿದ್ದರು. ನುಣ್ಣನೆಯ ರಟ್ಟು. ಅದರ ಮೇಲೆ ಎಂಟು ಕಾಲಿಟ್ಟ. ಮುಚ್ಚಳ ಒಂದು ಕಡೆ ಹೋಯಿತು, ಎಂಟು ಇನ್ನೊಂದು ಕಡೆ ಹೋದ. ಎಡಗಾಲು ಮಾತ್ರ ಯಾರ ಜೊತೆ ಹೋಗುವುದೆಂದು ತಿಳಿಯದೆ ನಡುವೆ ತಿರುಚಿಕೊಂಡಿತು. ಒಣಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಕೆಲಸದ ಗಂಟೆ ಹೊಡೆಯಲು ಇನ್ನೂ ಐದು ನಿಮಿಷವಿತ್ತು.

ಎಂಟು ಅನ್ನುವುದು ಅವನ ಹೆಸರಲ್ಲ, ಅಳತೆ. ಅದೊಂದು ಬೂಟಿನ ಕಾರ್ಖಾನೆ. ಹೊಸ ಮಾದರಿ ಯಾವುದೇ ಬರಲಿ, ಮೊದಲ ಜೊತೆಯನ್ನು ಅವನು ತೊಡಬೇಕು, ಮರದ ಹಲಗೆಯ ಮೇಲೆ ಇಪ್ಪತ್ತು ಹೆಜ್ಜೆ ನಡೆಯಬೇಕು, ಆಮೇಲೆ ‘ಸರಿ’, ‘ಬಿಗಿ’ ಅಥವಾ ‘ಸಡಿಲ’ ಅನ್ನಬೇಕು. ಅವನ ಪಾದ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಎಂಟನೇ ನಂಬರು. ಉಳಿದ ಅಳತೆಗಳನ್ನೆಲ್ಲ ಅದರಿಂದಲೇ ಮೇಲಕ್ಕೂ ಕೆಳಕ್ಕೂ ಎಣಿಸುತ್ತಿದ್ದರು. ಒಂಬತ್ತು ವರ್ಷಗಳಿಂದ ಊರಿನ ಜನ ಅವನ ಪಾದದ ಮಾತು ಕೇಳಿಕೊಂಡೇ ಓಡಾಡುತ್ತಿದ್ದರು. ಮನೆಯಲ್ಲಿ ಮಾತ್ರ ಅವನ ಬಾಯಿಯ ಮಾತನ್ನೂ ಯಾರೂ ಕೇಳುತ್ತಿರಲಿಲ್ಲ.

ಉಳಿದ ದಿನವಾಗಿದ್ದರೆ ಅಲ್ಲೇ ಕೂತು ‘ಅಯ್ಯೋ ಅಮ್ಮಾ’ ಅನ್ನುತ್ತಿದ್ದ. ಆದರೆ ಆವತ್ತು ಸಂಜೆ ನಾಲ್ಕಕ್ಕೆ ಆರೋಗ್ಯ ವಿಮೆಯವನು ಕಾರ್ಖಾನೆಗೆ ಬರುವವನಿದ್ದ.

ಅದರ ಹಿಂದೆ ಒಂದು ವಾರದ ಯುದ್ಧವಿತ್ತು. “ವಿಮೆ ಇಲ್ಲದೆ ಇರೋದು ಧೈರ್ಯ ಅಲ್ಲ ರೀ, ಬೇಜವಾಬ್ದಾರಿ” ಎಂದು ಹೆಂಡತಿ ಶುರುಮಾಡಿದ್ದಳು.

“ಕೊಡೆ ಹಿಡಿದೋನ ತಲೆ ಮೇಲೇ ಮಳೆ ಬೀಳೋದು ಕಣೇ. ಕಾಯಿಲೆಗೂ ಕಿವಿ ಇದೆ. ಇವನು ತಯಾರಾಗಿ ಕೂತಿದಾನೆ ಅಂತ ಗೊತ್ತಾದ್ರೆ ಬಂದೇ ಬಿಡುತ್ತೆ. ಇಷ್ಟು ವರ್ಷದಲ್ಲಿ ನಾನು ಒಂದು ದಿನ ಜಾರಿ ಬಿದ್ದಿದೀನಾ?”

“ನಿಮಗೆ ನಿಮ್ಮ ಕಾಲಿನ ಮೇಲೆ ನಂಬಿಕೆ. ನಂಗೆ ನೆಲದ ಮೇಲೆ ನಂಬಿಕೆ ಇಲ್ಲ.”

ಅಲ್ಲಿಯವರೆಗೂ ಎಂಟು ಹೇಗೋ ತಡೆದುಕೊಂಡಿದ್ದ. ಆದರೆ ನಿನ್ನೆ ಅವಳು ದೊಡ್ಡವನ ಅಂಗಿಗೆ ಗುಂಡಿ ಹಾಕುತ್ತಾ, ಚಿಕ್ಕವಳ ಮೂಗು ಒರೆಸುತ್ತಾ, ದನಿ ಏರಿಸದೆ ಕೇಳಿದಳು: “ನಿಮಗೇನಾದ್ರೂ ಆದ್ರೆ ಈ ಎರಡನ್ನ ಕಟ್ಟಿಕೊಂಡು ನಾನು ಯಾರ ಬಾಗಿಲು ತಟ್ಟಲಿ? ಅದೊಂದು ಹೇಳಿಬಿಡಿ, ಸುಮ್ನಾಗ್ತೀನಿ.” ಬೆಳಿಗ್ಗೆ ಹೊರಡುವಾಗ ಮಾತು ಕೊಟ್ಟಿದ್ದ. ಸಹಿ ಹಾಕದೆ ಮನೆಗೆ ಬರುವುದಿಲ್ಲ.

ಈಗ ಮೆಟ್ಟಿಲ ಬುಡದಲ್ಲಿ ಕೂತು ಎದ್ದೇಳಲು ನೋಡಿದ. ಎದುರಿಗೆ ಅಂಟಿನಕ್ಕ ನಿಂತಿದ್ದಳು. ಅಟ್ಟೆಗೆ ಅಂಟು ಬಳಿಯುವ ವಿಭಾಗದ ಹಿರಿಯಳು. ಕಾರ್ಖಾನೆಯಲ್ಲಿ ಏನೇ ನಡೆದರೂ ಅದಕ್ಕೆ ಮೊದಲು ಹೋಗಿ ಅಂಟಿಕೊಳ್ಳುವವಳು ಅವಳೇ.

“ಬಿದ್ರಾ?”

“ಇಲ್ಲಕ್ಕಾ, ಕೂತೆ.”

“ಕೂರೋರ ಕಾಲು ಯಾವತ್ತೂ ‘ಲಟಕ್’ ಅನ್ನಲ್ಲ. ಎಲ್ಲಿ, ಕಾಲು ತೋರಿಸಿ.” ನೋಡಿದವಳ ಕಣ್ಣು ಅಗಲವಾಯಿತು. “ಇವತ್ತು ವಿಮೆಗೆ ಸಹಿ ಅಲ್ವಾ ನಿಮ್ದು? ಹಾಗಾದ್ರೆ ಬಾಯಿ ಬಿಡಬೇಡಿ! ಆಗಲೇ ಪೆಟ್ಟಾದ ಕಾಲಿಗೆ ಅವರು ಒಂದು ಪಟ್ಟಿ ಬಟ್ಟೇನೂ ಕೊಡಲ್ಲ. ನಮ್ಮ ನಾದಿನಿ ಗಂಡಂಗೆ ಹೀಗೇ ಆಯ್ತು. ಹಲ್ಲುನೋವು ಬಂದ ಮೇಲೆ ಹೋಗಿ ಸಹಿ ಹಾಕಿದ. ಇವತ್ತಿಗೂ ಒಂದೇ ಕಡೆ ಅಗೀತಾನೆ.”

“ಈಗ ಏನಕ್ಕಾ ಮಾಡ್ಲಿ?”

“ನಾಲ್ಕು ಗಂಟೆವರೆಗೂ ನಿಮ್ಮ ಕಾಲಿಗೆ ಏನೂ ಆಗಿಲ್ಲ. ಸಹಿ ಹಾಕಿ. ಐದಕ್ಕೆ ಬಂದು ಇಲ್ಲೇ ಇನ್ನೊಂದು ಸಲ ಬೀಳಿ. ಎಲ್ಲರೂ ನೋಡೋ ಹಾಗೆ. ಅದು ಲೆಕ್ಕಕ್ಕೆ ಬರುತ್ತೆ.”

ಸುಳ್ಳು ಹೇಳಿ ಅಭ್ಯಾಸವಿಲ್ಲದ ಎಂಟು ಯೋಚಿಸಿದ. ಇದರಲ್ಲಿ ಸುಳ್ಳೆಲ್ಲಿದೆ? ಬಿದ್ದದ್ದು ನಿಜ, ಕಾಲು ನಿಜ, ನೋವಂತೂ ನಿಜಕ್ಕಿಂತ ಒಂದು ತೂಕ ಹೆಚ್ಚೇ ನಿಜ. ವೇಳೆಯಲ್ಲಿ ಸ್ವಲ್ಪ ಹಿಂದುಮುಂದು, ಅಷ್ಟೇ.

“ಯಾರಿಗೂ ಹೇಳಬೇಡಕ್ಕಾ.”

“ನನ್ನ ಬಾಯಿಗೆ ಅಂಟು ಹಾಕ್ಕೊಂಡ ಹಾಗೆ ಅಂತ ತಿಳ್ಕೊಳ್ಳಿ” ಎಂದವಳು ಗಂಟೆ ಹೊಡೆಯುವುದರೊಳಗೆ ಮೂವರಿಗೆ ಹೇಳಿದಳು.

ಒಂಬತ್ತೂವರೆಗೆ ಮಾದರಿಯ ಕೋಣೆಯಲ್ಲಿ ಕತ್ತರಿ ಯಜಮಾನರು ಹೊಸ ಕಂದು ಬೂಟು ಹಿಡಿದು ಕಾಯುತ್ತಿದ್ದರು. ಚರ್ಮ ಕತ್ತರಿಸುವುದರಲ್ಲಿ ನಲವತ್ತು ವರ್ಷ ಸವೆಸಿದ ಮನುಷ್ಯ. ತಮ್ಮ ಹೆಂಡತಿಯ ಹುಟ್ಟಿದ ದಿನ ಮರೆತಿದ್ದರು, ಆದರೆ ಯಾವ ವರ್ಷ ಯಾವ ಬೂಟಿಗೆ ಎಷ್ಟು ತೂತು ಹಾಕಿದ್ದೆವೆಂಬುದು ಬಾಯಿಪಾಠವಾಗಿತ್ತು.

ಬಲಗಾಲು ಸರಾಗವಾಗಿ ಒಳಗೆ ಹೋಯಿತು. ಎಡಗಾಲನ್ನು ತುರುಕುವಾಗ ಎಂಟುವಿಗೆ ಮೂರು ಲೋಕ ಕಂಡವು. ಇಪ್ಪತ್ತು ಹೆಜ್ಜೆ ನಡೆದ, ಮದುವೆಯ ಫೋಟೋದಲ್ಲಿ ನಿಂತವನಂತೆ ಹಲ್ಲು ಬಿಟ್ಟುಕೊಂಡು.

“ಏನು?”

“ಎಡಗಾಲು... ಸ್ವಲ್ಪ ಬಿಗಿ, ಯಜಮಾನ್ರೇ.”

“ಬಿಗಿ?” ಯಾರೋ ತಮ್ಮ ಅಪ್ಪನನ್ನು ಬೈದಂತೆ ಯಜಮಾನರು ನೋಡಿದರು. “ಒಂದೇ ಜೊತೇಲಿ ಒಂದು ಸರಿ, ಒಂದು ಬಿಗೀನಾ? ನಲವತ್ತು ವರ್ಷದಲ್ಲಿ ನನ್ನ ಕೈಕೆಳಗೆ ಜೊತೆ ಒಡೆದಿಲ್ಲಪ್ಪಾ!”

ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡರೆ, ಪಾಸಾದ ಜೊತೆಯ ಪದ್ಧತಿಯಂತೆ, ಆ ಬೂಟನ್ನೇ ದಿನವಿಡೀ ತೊಟ್ಟು ನಡೆಯಬೇಕು. “ಬಿಗೀನೇ” ಎಂದ ಎಂಟು.

ಯಜಮಾನರು ಎಡಗಾಲಿನ ಅಚ್ಚನ್ನು ಅರ್ಧ ನಂಬರು ಹಿಗ್ಗಿಸಿ ಹೊಸದು ಮಾಡಿಸಿ ತಂದರು. ಅಷ್ಟರಲ್ಲಿ ಹನ್ನೆರಡು ಗಂಟೆ. ಬೂಟು ಅರ್ಧ ನಂಬರು ಬೆಳೆದಿತ್ತು, ಪಾದ ಒಂದು ನಂಬರು ಬೆಳೆದಿತ್ತು.

“ಇನ್ನೂ ಬಿಗಿ.”

ಎರಡು ಗಂಟೆಗೆ ಎಡಗಾಲಿನ ಬೂಟು ಒಂಬತ್ತೂವರೆ ನಂಬರಿಗೆ ಮುಟ್ಟಿತು. ಯಜಮಾನರು ಅದನ್ನು ಮೇಜಿನ ಮೇಲೆ ಬಲಗಾಲಿನದರ ಪಕ್ಕ ಇಟ್ಟರು. ಅಪ್ಪ ಮಗುವಿನ ಕೈ ಹಿಡಿದು ನಿಂತ ಹಾಗಿತ್ತು. ನೇರವಾಗಿ ಹೋಗಿ ಮ್ಯಾನೇಜರರನ್ನು ಕರೆತಂದರು.

ಮ್ಯಾನೇಜರು ಬೂಟು ನೋಡಿದರು. ಎಂಟುವನ್ನು ನೋಡಿದರು. ಎಂಟುವಿನ ಬೆನ್ನಲ್ಲಿ ಬೆವರು ಇಳಿಯಿತು. ಈಗ ‘ಕಾಲು ತೋರಿಸು’ ಅಂದರೆ ಕೆಲಸವೂ ಹೋಯಿತು, ವಿಮೆಯೂ ಹೋಯಿತು.

“ಯಜಮಾನ್ರೇ, ಎಂಟು ಬಿಗಿ ಅಂದ್ರೆ ಬಿಗಿ” ಎಂದರು ಮ್ಯಾನೇಜರು. “ಒಂಬತ್ತು ವರ್ಷದಿಂದ ಆ ಪಾದ ನಮಗೆ ಮೋಸ ಮಾಡಿಲ್ಲ. ಅಚ್ಚು ತಪ್ಪಿರಬೇಕು. ಮುನ್ನೂರು ಜೊತೆ ಹಾಗೇ ಹೊಲಿಸಿ.”

“ಎಡಗಾಲು ದೊಡ್ಡದಾಗಿ?”

“ಪಾದ ಹೇಳಿದ ಹಾಗೆ.”

ಯಜಮಾನರು ಕತ್ತರಿಯನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟು, ಹೊರಗೆ ಹೋಗಿ ಗೋಡೆಯ ಕಡೆ ಮುಖಮಾಡಿ ನಿಂತರು. ಎಂಟುವಿಗೆ ಕರುಳು ಚುರುಕ್ ಎಂದಿತು. ಆದರೆ ಕಾಲು ಅದಕ್ಕಿಂತ ಜೋರಾಗಿ ಚುರುಕ್ ಅನ್ನುತ್ತಿತ್ತು.

ನಾಲ್ಕಕ್ಕೆ ಸರಿಯಾಗಿ ವಿಮೆಯವನು ಬಂದ. ತೆಳ್ಳಗೆ, ಒಪ್ಪವಾಗಿ, ಆಗಷ್ಟೇ ಇಸ್ತ್ರಿ ಮಾಡಿ ಮಡಿಸಿಟ್ಟಂಥ ಮನುಷ್ಯ.

“ವಿಮೆ ಮಾಡಿಸದೆ ಇರೋದು ಅಂದ್ರೆ ಏನು ಗೊತ್ತಾ ಸಾರ್? ನಮ್ಮ ಕಷ್ಟಾನ ನೆಂಟರಿಷ್ಟರ ಜೇಬಿಗೆ ಬರೆದಿಡೋದು. ನೀವು ಜವಾಬ್ದಾರಿ ಇರೋರು, ನೋಡಿದ್ರೇ ಗೊತ್ತಾಗುತ್ತೆ. ನೋವು, ಕಾಯಿಲೆ ಏನಾದ್ರೂ?”

“ಒಂದೂ ಇಲ್ಲ.”

“ಮುಖ ಯಾಕೆ ಬಿಳಿಚಿಕೊಂಡಿದೆ?”

“ಸಂತೋಷಕ್ಕೆ.”

“ಒಂದು ನಾಲ್ಕು ಹೆಜ್ಜೆ ನಡೀರಿ, ಹಾಗೇ ಸುಮ್ನೆ.”

ನಡೆಯುವುದೇ ಅವನ ಕಸುಬು. ಆದರೂ ಬದುಕಿನಲ್ಲಿ ಅಷ್ಟು ಕಷ್ಟಪಟ್ಟು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು. “ಹೆಂಡತಿ ಮಕ್ಕಳ ನೆನಪಾಯ್ತು” ಎಂದ. ಅದು ಸುಳ್ಳಾಗಿರಲಿಲ್ಲ. ವಿಮೆಯವನು ಕರವಸ್ತ್ರ ಕೊಟ್ಟು, ಕಾಗದ ಬಿಡಿಸಿದ. ಹನ್ನೊಂದು ಕಡೆ ಬೆರಳಿಟ್ಟು ತೋರಿಸಿದ. ಎಂಟು ಒಂದು ಸಾಲನ್ನೂ ಓದದೆ ಹನ್ನೊಂದು ಕಡೆಯೂ ಸಹಿ ಹಾಕಿದ.

ಐದರ ಗಂಟೆ ಹೊಡೆಯಿತು. ಗೋಡೆ ಹಿಡಿದುಕೊಂಡು ಎಂಟು ಮೆಟ್ಟಿಲ ಹತ್ತಿರ ಬಂದಾಗ ಅಲ್ಲಿ ಸುಮಾರು ನಲವತ್ತು ಜನ ನಿಂತಿದ್ದರು. ಹೊಲಿಗೆಯವರು, ಪಾಲಿಶಿನವರು, ಪೆಟ್ಟಿಗೆ ಕಟ್ಟುವವರು. ಮುಂದಿನ ಸಾಲಿನಲ್ಲಿ ಇಬ್ಬರು ಸ್ಟೂಲು ತಂದು ಕೂತಿದ್ದರು.

“ಇದೇನಕ್ಕಾ?”

“ಸಾಕ್ಷಿ ಬೇಡ್ವಾ?” ಎಂದಳು ಅಂಟಿನಕ್ಕ. “ಮೆಟ್ಟಿಲು ಒರೆಸಿ ಒದ್ದೆ ಮಾಡಿಸಿದೀನಿ. ಹತ್ತಿ.”

ಎಂಟು ಐದು ಮೆಟ್ಟಿಲು ಹತ್ತಿ ತಿರುಗಿ ನಿಂತ. ಬೆಳಿಗ್ಗೆ ಯಾವ ತಯಾರಿಯೂ ಇಲ್ಲದೆ ಆದ ಕೆಲಸ ಈಗ ಆಗಲೊಲ್ಲದು. ಮನಸ್ಸು ‘ಬೀಳು’ ಅಂದರೆ ಕೈ ಕಂಬಿಯನ್ನು ಹಿಡಿದುಕೊಳ್ಳುತ್ತಿತ್ತು.

“ಬೇಗ ಬೀಳಪ್ಪಾ, ಬಸ್ಸು ಹೊರಟುಹೋಗುತ್ತೆ!”

“ಕಂಬಿ ಬಿಡಿ ಮೊದ್ಲು!”

“ಎಡಗಾಲು, ಎಡಗಾಲು! ಮರೆತು ಬಲಗಾಲಿನ ಮೇಲೆ ಬಿದ್ದೀರಾ!”

ಯಜಮಾನರು, ಮ್ಯಾನೇಜರು ಬಿಟ್ಟರೆ ಗುಟ್ಟು ಗೊತ್ತಿರದಿದ್ದವನು ಇಡೀ ಕಾರ್ಖಾನೆಗೆ ಒಬ್ಬನೇ, ಬಾಗಿಲ ಕಾವಲುಗಾರ. ಗಲಾಟೆ ಕೇಳಿ ಓಡಿಬಂದ. ಅದೇ ಕ್ಷಣಕ್ಕೆ ಎಂಟು ಕಣ್ಣುಮುಚ್ಚಿ ಕಂಬಿ ಬಿಟ್ಟ. ಕಾವಲುಗಾರ ಹಾರಿ ಬಂದು ಅವನನ್ನು ಕೂಸಿನಂತೆ ಅನಾಮತ್ತಾಗಿ ಎತ್ತಿಕೊಂಡ.

“ಬದುಕಿದ್ರಿ ಸಾರ್!”

“ಬಿಡೋ ಪುಣ್ಯಾತ್ಮಾ!” ಎಂದು ನಲವತ್ತು ಜನ ಒಟ್ಟಿಗೆ ಕೂಗಿದರು.

ಆ ಕೂಗಿಗೆ ಬೆಚ್ಚಿ ಕಾವಲುಗಾರ ಕೈಬಿಟ್ಟ. ಎಂಟು ಬಿದ್ದ. ಎಡಗಾಲಿನ ಮೇಲೆಯೇ, ಬೆಳಿಗ್ಗೆಗಿಂತ ಅಚ್ಚುಕಟ್ಟಾಗಿ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಸದ್ದು ಕೇಳಿ ಕಚೇರಿಯಿಂದ ಮ್ಯಾನೇಜರೂ ವಿಮೆಯವನೂ ಓಡಿಬಂದರು. “ನಮ್ಮ ಕಣ್ಣೆದುರಿಗೇ ಬಿದ್ರು ಸಾರ್! ಈಗ! ಐದೂ ಹತ್ತಕ್ಕೆ!” ಎಂದು ಅಂಟಿನಕ್ಕ ಗಡಿಯಾರ ತೋರಿಸಿದಳು.

ವಿಮೆಯವನು ಮೊಣಕಾಲೂರಿ ಕಾಲುಚೀಲ ಸರಿಸಿ ನೋಡಿದ. ಮುಖ ಇಳಿಯಿತು. “ಛೆ. ಪಾದವೇ? ಮೊಣಕಾಲಾದ್ರೂ ಆಗಬಾರದಿತ್ತಾ ಸಾರ್?”

“ಯಾಕ್ರೀ?”

“ನಿಮ್ಮ ಪಾಲಿಸಿ ನೆತ್ತಿಯಿಂದ ಕಣಕಾಲಿನವರೆಗೆ. ಅದರ ಕೆಳಗಿಂದು ಬರಲ್ಲ. ಒಂದೇ ವಸ್ತುವಿಗೆ ಎರಡು ಕಡೆ ವಿಮೆ ಮಾಡೋ ಹಾಗಿಲ್ಲ ನೋಡಿ.”

“ನನ್ನ ಪಾದಕ್ಕೆ ವಿಮೆ ಮಾಡಿಸಿದ್ದು ಯಾರು?”

ಮ್ಯಾನೇಜರು ಕೆಮ್ಮಿದರು. ಅವರ ಮುಖದಲ್ಲಿ ಸಂಕೋಚವೂ ಹೆಮ್ಮೆಯೂ ಅಕ್ಕಪಕ್ಕದಲ್ಲಿ ಕೂತಿದ್ದವು. “ನಾವೇ ಕಣಯ್ಯಾ. ನೀನು ಸೇರಿದ ವಾರಾನೇ. ಹೊಲಿಗೆ ಯಂತ್ರ ನಲವತ್ತು, ಕತ್ತರಿಸೋ ಯಂತ್ರ ಆರು, ಎಂಟನೇ ನಂಬರಿನ ಪಾದ ಒಂದು ಜೊತೆ. ಕಾರ್ಖಾನೆ ಇಡೀ ಅದರ ಮೇಲೇ ನಿಂತಿರೋವಾಗ ವಿಮೆ ಮಾಡಿಸದೆ ಇರೋದು ಬೇಜವಾಬ್ದಾರಿ ಅಲ್ವಾ?”

ಎಂಟುವಿನ ಕಣ್ಣಲ್ಲಿ ಬೆಳಕು ಬಂತು. ಒಂಬತ್ತು ವರ್ಷ! “ಹಾಗಾದ್ರೆ ಆ ದುಡ್ಡು...”

“ಕಾರ್ಖಾನೆಗೆ. ಯಂತ್ರ ಕೆಟ್ರೆ ದುಡ್ಡನ್ನ ಯಂತ್ರದ ಕೈಗೆ ಕೊಡ್ತಾರೇನಯ್ಯಾ?”

“ನನ್ನ ಕಾಲಿನ ಔಷಧಿಗಲ್ವಾ?”

“ಪಾದ ಕೆಟ್ಟರೆ ಬೇರೆ ಪಾದ ತರೋಕೆ ಅಂತ ಕರಾರು. ನಾಳೆ ಬೆಳಿಗ್ಗೇನೇ ಹೊಸ ಜೊತೆ ಬರುತ್ತೆ. ಕೆಲಸ ನಿಲ್ಲುತ್ತೆ ಅಂತ ನೀನು ಕೊರಗಬೇಡ. ನಿನ್ನ ಪಾದಾನ ಒಂದ್ಸಲ ಆ ವಿಮೆಯವರು ಪರೀಕ್ಷೆ ಮಾಡಬೇಕು, ಅಷ್ಟೇ. ಏಯ್, ಎತ್ಕೊಳ್ರಪ್ಪಾ!”

ಕಾವಲುಗಾರ ತಲೆಯ ಕಡೆ ಹಿಡಿದ, ಕಾಲಿನ ಕಡೆ ನಾಲ್ವರು ಹಿಡಿದರು. ಮ್ಯಾನೇಜರು ಖುದ್ದಾಗಿ ಪಾದದ ಕೆಳಗೆ ದಿಂಬು ಹಿಡಿದು ಜೊತೆಗೆ ನಡೆದರು. “ಮೆಲ್ಲಗೆ, ಮೆಲ್ಲಗೆ! ಪಾದ ಜೋಪಾನ! ಬಾಗಿಲಿಗೆ ತಾಗಿಸೀರಾ!”

ಎಲ್ಲರ ಕಣ್ಣೂ ಪಾದದ ಮೇಲೆಯೇ ಇತ್ತು. ಪಾದ ಹೂವಿನಂತೆ ಬಾಗಿಲು ದಾಟಿತು. ಹಿಂದೆ ಬರುತ್ತಿದ್ದ ತಲೆ ಚೌಕಟ್ಟಿಗೆ ಧಡ್ ಎಂದು ಬಡಿಯಿತು.

“ಅಯ್ಯೋ!” ಎಂದ ಕಾವಲುಗಾರ.

“ಗಾಬರಿ ಬೇಡ” ಎಂದು ವಿಮೆಯವನು ಓಡಿಬಂದು ಎಂಟುವಿನ ಹಣೆ ಸವರಿದ. “ತಲೆ ಪೂರ್ತಿಯಾಗಿ ನಮ್ಮ ಪಾಲಿಸೀಲೇ ಬರುತ್ತೆ ಸಾರ್. ನಾಳೆಯಿಂದ.”