ಎರಡನೆಯ ಪುಟ ಮುಚ್ಚಿಟ್ಟ ರೋಗಿಗೆ ಔಷಧಿ ಅಂಗಡಿಯವನ ದೂರು

ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಮೇಷ್ಟರು ಕಲ್ಪಿಸಿ ಬರೆದಿಟ್ಟ, ಫಾರ್ಮಸಿ ಕಾಲೇಜಿನ ಕಪಾಟಿನಲ್ಲಿ ಖಾಯಂ ವಾಸವಾಗಿರುವ ಕಾಗದದ ರೋಗಿಯಾದ ಮಾನ್ಯರೇ,

ವರ್ಷಗಟ್ಟಲೆ ಅದೇ ಐವತ್ತೆಂಟರ ಪ್ರಾಯದಲ್ಲಿ, ಅದೇ ತಲೆಸುತ್ತಿನಲ್ಲಿ ನೆಮ್ಮದಿಯಾಗಿರುವ ತಮಗೆ, ಬಸ್ ನಿಲ್ದಾಣದ ಎದುರು ಮೂವತ್ತೊಂದು ವರ್ಷದಿಂದ ಔಷಧಿ ಅಂಗಡಿ ಇಟ್ಟುಕೊಂಡಿರುವ ನನ್ನ ನಮಸ್ಕಾರಗಳು. ತಮ್ಮ ಆರೋಗ್ಯ ವಿಚಾರಿಸುವ ಧೈರ್ಯ ನನಗಿಲ್ಲ. ತಾವು ಗುಣವಾದರೆ ಮೇಷ್ಟರಿಗೆ ಪಾಠವೇ ಇರುವುದಿಲ್ಲವಂತೆ.

ನನ್ನ ದೂರು ತಮ್ಮ ಎರಡನೆಯ ಪುಟದ ಮೇಲೆ. ಮೊದಲ ಪುಟದಲ್ಲಿ ವಯಸ್ಸು, ತೂಕ, ತೊಂದರೆ ಹೇಳಿ ಸುಮ್ಮನಾಗುವ ತಾವು, ವಿದ್ಯಾರ್ಥಿ ಸರಿಯಾದ ಪ್ರಶ್ನೆ ಕೇಳುವ ತನಕ ಉಳಿದದ್ದೆಲ್ಲ ಇರುವ ಎರಡನೆಯ ಪುಟವನ್ನು ಮೇಷ್ಟರ ಕೈಯಲ್ಲೇ ಮುಚ್ಚಿಟ್ಟಿರುತ್ತೀರೆಂದು ಕೇಳಿದ್ದೇನೆ. ಈ ಬಿಗುಮಾನ ಕಾಲೇಜಿನೊಳಗೇ ಇದ್ದಿದ್ದರೆ ನನ್ನ ತಕರಾರಿರಲಿಲ್ಲ. ಆದರೆ ತಮ್ಮಲ್ಲಿ ಪಳಗಿದ ವಿದ್ಯಾರ್ಥಿನಿಯೊಬ್ಬಳನ್ನು ಕಾಲೇಜಿನವರು ಆರು ವಾರದ ತರಬೇತಿಗೆಂದು ನನ್ನ ಕೌಂಟರಿಗೆ ಕಳಿಸಿದ್ದಾರೆ. ಅವಳಿಗೋ, ಕಂಡವರೆಲ್ಲರ ಬಳಿಯೂ ಒಂದು ಪುಟ ಅಡಗಿದೆಯೆಂಬ ಗುಮಾನಿ. ತಲೆನೋವಿನ ಮಾತ್ರೆ ಕೇಳಿದ ಬಸ್ ಚಾಲಕನಿಗೆ ಹನ್ನೊಂದು ಪ್ರಶ್ನೆ ಹಾಕಿದಳು, ನಾನೇ ಎಣಿಸಿದ್ದೇನೆ. ಅಷ್ಟರಲ್ಲಿ ಅವನ ಬಸ್ಸಿನ ಪ್ರಯಾಣಿಕರೇ ಇಳಿದು ಬಂದು ಹಿಂದೆ ಸಾಲು ನಿಂತಿದ್ದರು.

ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ನನ್ನ ಅಕ್ಕನ ವಿಷಯ. ಶಾಲೆಯಲ್ಲಿ ಪಾಠ ಹೇಳುವ ಅಕ್ಕ, ನಾಲ್ಕು ತಿಂಗಳ ಒಣಕೆಮ್ಮಿನಿಂದ ಒಂದು ಪದ್ಯವನ್ನೂ ಪೂರ್ತಿ ಓದಲಾಗದೆ, ರಾಜೀನಾಮೆ ಬರೆದು ಕೈಚೀಲದಲ್ಲಿಟ್ಟುಕೊಂಡಿದ್ದಳು. ಸೀಮೆಸುಣ್ಣದ ಧೂಳೆಂದು ತೀರ್ಮಾನಿಸಿದವನು ನಾನೇ. ಕೆಂಪು, ಹಸಿರು, ಕಂದು ಎಂದು ಮೂರು ಬಣ್ಣದ ಸಿರಪ್ಪನ್ನೂ ಕುಡಿಸಿದ್ದೆ. ಬೇರೆ ಯಾವ ಔಷಧಿ ತಗೊಳ್ತೀರಿ ಅಂತ ಅಂಗಡಿಗೆ ಬಂದವಳನ್ನು ತಮ್ಮ ಶಿಷ್ಯೆ ಕೇಳಿದರೆ, ಏನೂ ಇಲ್ಲಮ್ಮ ಅಂದಳು ಅಕ್ಕ. ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಇವಳು ಬಿಡದೆ, ಬೆಳಿಗ್ಗೆ ಎದ್ದು ನೀರಿನ ಜೊತೆ ಏನು ನುಂಗ್ತೀರಿ ಮೇಡಂ ಅಂದಳು. ಓ ಅದಾ, ಅದು ಔಷಧಿ ಅಲ್ಲಮ್ಮ, ಬಿಪಿ ಮಾತ್ರೆ, ನನ್ನ ತಮ್ಮನೇ ಕೊಡೋದು ಅಂತ ಅಕ್ಕನ ಉತ್ತರ. ಯಾವಾಗಿನಿಂದ ಅಂದರೆ, ಕೆಮ್ಮು ಶುರುವಾಗುವ ಮೂರು ವಾರ ಮೊದಲಿನಿಂದ. ಆ ಬಗೆಯ ಮಾತ್ರೆ ಕೆಲವರಿಗೆ ಒಣಕೆಮ್ಮು ತರುತ್ತದೆಂದು ಡಬ್ಬಿಯೊಳಗಿನ ಚೀಟಿಯಲ್ಲೇ ಅಚ್ಚಾಗಿದೆ. ಆ ಚೀಟಿಯನ್ನು ಇಷ್ಟು ವರ್ಷವೂ ಮಡಿಕೆ ಬಿಚ್ಚದೆ ದಾಟಿಸುತ್ತ ಬಂದವನು ನಾನು. ಶಿಷ್ಯೆ ಮಾತ್ರೆ ನಿಲ್ಲಿಸಿ ಎನ್ನಲಿಲ್ಲ, ನಾಲ್ಕು ಸಾಲು ಬರೆದುಕೊಟ್ಟು ವೈದ್ಯರ ಬಳಿಗೆ ಕಳಿಸಿದಳು. ಅವರು ಮಾತ್ರೆ ಬದಲಿಸಿದರು. ಮೂರನೆಯ ವಾರಕ್ಕೆ ಕೆಮ್ಮು ನಿಂತಿತು, ರಾಜೀನಾಮೆ ಹರಿದು ಬುಟ್ಟಿಗೆ ಬಿತ್ತು.

ಒಂದು ಕೈಯಿಂದ ಕೆಮ್ಮು, ಇನ್ನೊಂದು ಕೈಯಿಂದ ಸಿರಪ್ಪು ಕೊಡುತ್ತಿದ್ದ ನನ್ನ ದೀರ್ಘ ಅನುಭವಕ್ಕೆ ಆದ ಮಾನಹಾನಿಗೆ ತಾವೇ ಹೊಣೆ. ಆದ್ದರಿಂದ ಬಿನ್ನಹವೇನೆಂದರೆ, ಇನ್ನು ಮುಂದೆ ಕೇಳುವ ಮೊದಲೇ ಎಲ್ಲವನ್ನೂ ಒಪ್ಪಿಸಿಬಿಡುವ ಸಾಧು ರೋಗಿಯಾಗಿ ತಾವು ಬದಲಾಗಬೇಕು. ಅದಾಗದಿದ್ದರೆ ದಯಮಾಡಿ ಕಪಾಟಿನಿಂದ ಇಳಿದು, ವಾರಕ್ಕೊಮ್ಮೆ ನನ್ನ ಅಂಗಡಿಗೆ ಬಂದು, ಆ ಹುಡುಗಿ ಊಟಕ್ಕೆ ಹೋದ ಹೊತ್ತಿನಲ್ಲಿ, ಯಾರಿಗೂ ತಿಳಿಯದಂತೆ, ಎರಡನೆಯ ಪುಟ ಬಿಡಿಸುವ ವಿದ್ಯೆಯನ್ನು ನನಗೂ ಕಲಿಸಬೇಕು.

ತಮ್ಮಷ್ಟು ತಾಳ್ಮೆಯಿಲ್ಲದ, ಆದರೂ ತಮ್ಮ ವಿಶ್ವಾಸಿ,
ಔಷಧಿ ಅಂಗಡಿಯವನು

ಬರೆಯಲು ಮರೆತದ್ದು: ತಮ್ಮ ಶಿಷ್ಯೆಯ ಉಪಕಾರ ಸಣ್ಣದಲ್ಲ. ಅಕ್ಕ ಮೊನ್ನೆ ಅಂಗಡಿಯ ಮುಂದೆ ನಿಂತು, ಗಿರಾಕಿಗಳೆಲ್ಲ ಕೇಳುವಂತೆ, ನನ್ನ ಬುದ್ಧಿವಂತಿಕೆಯ ಕುರಿತು ಮುಕ್ಕಾಲು ಗಂಟೆ ಮಾತಾಡಿದಳು. ಒಂದು ಸಲವೂ ಕೆಮ್ಮಲಿಲ್ಲ.