ಡೇರಿಯ ಮಾಳಿಗೆಗೆ ಬಂದ ಸೂರ್ಯ

ಜಕ್ಕಪ್ಪ ಹಾಲಿನ ಸ್ಯಾಂಪಲ್ ಬಾಟಲಿಗಳನ್ನು ಬಿಸಿನೀರಿನಲ್ಲಿ ಒಂದೊಂದಾಗಿ ತೊಳೆದು ಬೋರಲು ಹಾಕುತ್ತಿದ್ದ. ಹೆಂಡತಿ ತಾರವ್ವ ಪಕ್ಕದಲ್ಲಿ ಕ್ಯಾನು ತಿಕ್ಕುತ್ತಿದ್ದಳು. ಹಿಂದಿನ ಸಂಜೆ ಹಾಲು ಹಾಕಲು ಬಂದ ಓಣಿಯ ಸತ್ತೆವ್ವ ಇಬ್ಬರ ಪಾಲಿನ ಮಾತನ್ನೂ ಆಡಿ ಹೋಗಿದ್ದಳು.

ಸದಲಗಾ ಹತ್ತಿರದ ಆ ಊರಲ್ಲಿ ಜಕ್ಕಪ್ಪನದು ಸಣ್ಣ ಡೇರಿ. ಬೆಳಗಿನ ಹಾಲಿನ ಫ್ಯಾಟನ್ನು, ಅಂದರೆ ದರ ಗೊತ್ತುಮಾಡುವ ಕೊಬ್ಬಿನಂಶವನ್ನು, ಮಷೀನು ನೋಡುತ್ತಿತ್ತು. ಬೇಸಿಗೆಯಲ್ಲಿ ಸಂಜೆ ಕರೆಂಟ್ ಇರುತ್ತಿರಲಿಲ್ಲ. ಆಗ ಜಕ್ಕಪ್ಪನ ಕಣ್ಣೇ ಮಷೀನು. ಯಾರ ಎಮ್ಮೆ ಹಾಲು ಬಂದರೂ ಆರು ಎಂದು ಬರೆಯುತ್ತಿದ್ದ.

“ನನ್ನ ಎಮ್ಮಿ ಹಾಲಂದ್ರ ತುಪ್ಪ ಐತೋ ತಮ್ಮಾ. ಎಂಟ್ ಬರಿ. ಇಲ್ಲಾ ಮಷೀನ್ ಹಚ್ಚಿ ತೋರ್ಸು,” ಎಂದಿದ್ದಳು ಸತ್ತೆವ್ವ. ಎರಡೂ ಆಗದಿದ್ದರೆ ಮರುದಿನ ಸಂಜೆಯಿಂದ ಇಡೀ ಓಣಿಯ ಹಾಲು ಎದುರಿನ ಬಾಬಾಸಾಹೇಬನ ಡೇರಿಗೆ. ಓಣಿ ಹೋದರೆ ಜಕ್ಕಪ್ಪನ ಡೇರಿಗೆ ಬೀಗವೇ ಗತಿ.

ಎಂಟು ಬರೆಯಲು ಅವನ ಕೈ ಏಳಲಿಲ್ಲ. ಬೆಳಿಗ್ಗೆಯೇ ನಿಪ್ಪಾಣಿಯ ಅಂಗಡಿಯಿಂದ ಸೋಲಾರ್ ತರಿಸಿದ.

ಎರಡು ಪ್ಯಾನೆಲ್ ಮಾಳಿಗೆ ಏರುವಾಗ ಓಣಿ ಬಾಯಿ ತೆರೆದು ನಿಂತಿತು. ನೀಲಿ ಗಾಜಿನಲ್ಲಿ ಆಕಾಶವೇ ಮಲಗಿದಂತಿತ್ತು. ಬೆಂಕಿಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಬಿಸಿಲು ತಂತಿಯೊಳಗೆ ಇಳಿದು ಬರುತ್ತದಂತೆ. ಮುದುಕರು ಕೈ ಮುಗಿದರು. ತಾರವ್ವ ಬ್ಯಾಟರಿಗೆ ಭಂಡಾರದ ಅರಿಸಿನ ಹಚ್ಚಿದಳು.

ಟ್ರ್ಯಾಕ್ಟರ್ ಇದ್ದ ಮಾತ್ರಕ್ಕೆ ವೈರಿಂಗೂ ಬರುತ್ತದೆಂದು ನಂಬಿದ್ದ ನೆರೆಮನೆಯ ದುಂಡೇಶ ತಂತಿ ಜೋಡಿಸಿದ. ಗಳಿಗೆಯಲ್ಲೇ ಬಿಸಿಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ಬಿಡಬೇಕಿದ್ದ, ಗೋಡೆಯ ಮೇಲಿನ ಕಂಟ್ರೋಲರ್ ಡಬ್ಬಿ ರೊಟ್ಟಿ ಹಂಚಿನಂತೆ ಕಾದು, ನಾತ ಬಿಟ್ಟು, ಕಣ್ಣು ಮುಚ್ಚಿತು.

ಜಕ್ಕಪ್ಪ ಅಂಗಡಿಯವನಿಗೆ ಫೋನ್ ಹಚ್ಚಿದ. ಅವನು ಲೆಕ್ಕ ಬಿಡಿಸಿ ಹೇಳಿದ. ಎರಡೂ ಪ್ಯಾನೆಲ್ ಸೇರಿ ಇನ್ನೂರಾ ನಲವತ್ತು ವ್ಯಾಟ್. ಹನ್ನೆರಡು ವೋಲ್ಟಿನ ಒಂದೇ ಬ್ಯಾಟರಿಗೆ ಬಿಟ್ಟರೆ ಇಪ್ಪತ್ತು ಆಂಪಿಯರ್ ನುಗ್ಗುತ್ತದೆ. ಡಬ್ಬಿ ತಡೆಯುವುದು ಹತ್ತೇ.

“ಹತ್ ಎಮ್ಮಿ ಹಿಡಿಯೂ ಬಾಗಲ್ದಾಗ ಇಪ್ಪತ್ ಎಮ್ಮಿ ಹೊಡದ್ರ ಚೌಕಟ್ಟ ಉಳಿತೈತೇನ್ರಿ?” ಎಂದು ಕೇಳಿದ.

ಪ್ಯಾನೆಲ್ಲನ್ನು ಒಂದರ ಬಾಲಕ್ಕೊಂದು ಕಟ್ಟಬೇಕು, ಬ್ಯಾಟರಿಯನ್ನೂ ಹಾಗೇ. ಆಗ ಇಪ್ಪತ್ನಾಲ್ಕು ವೋಲ್ಟ್ ಆಗಿ ಹತ್ತೇ ಎಮ್ಮೆ ಬರುತ್ತವೆ, ಆದರೆ ಎರಡು ಪಟ್ಟು ಎತ್ತರದವು. ಇನ್ವರ್ಟರೂ ಇಪ್ಪತ್ನಾಲ್ಕರದೇ ಬೇಕು. ಬದಲಿಸಿ ಕೊಡುತ್ತೇನೆ ಎಂದ.

ತನ್ನ ಟ್ರ್ಯಾಕ್ಟರಿನ ಬ್ಯಾಟರಿ ಕೊಡಲು ದುಂಡೇಶ ಮುಂದಾದ. ಎತ್ತಿನ ಜೋಡಿ ಕೋಣ ಹೂಡಬೇಡಿ, ಅಂಥದೇ ಇನ್ನೊಂದು ಒಯ್ಯಿರಿ ಎಂದು ಅಂಗಡಿಯವನು ಬೈದ.

ದುಂಡೇಶನ ಬೈಕಿನ ಹಿಂದೆ ಕೂತು ಜಕ್ಕಪ್ಪ ನಿಪ್ಪಾಣಿಗೆ ಹೋದ. ಬರುವಾಗ ಬದಲಿಸಿದ ಇನ್ವರ್ಟರನ್ನು ಚೀಲದಲ್ಲಿ ಬೆನ್ನಿಗೆ ಹಾಕಿ, ಹೊಸ ಬ್ಯಾಟರಿಯನ್ನು ಹಸುಗೂಸಿನಂತೆ ತೊಡೆಯ ಮೇಲೆ ಅಪ್ಪಿಕೊಂಡಿದ್ದ. ಒಂದೊಂದು ತಗ್ಗಿಗೂ ಕೂಸು ಉಚ್ಚೆ ಹೊಯ್ದಂತೆ ಆಸಿಡ್ ತುಳುಕಿತು. ಊರು ಮುಟ್ಟುವಷ್ಟರಲ್ಲಿ ಅವನ ಪ್ಯಾಂಟು ಜರಡಿಯಾಗಿತ್ತು. ಅದನ್ನು ಬದಲಿಸಲೂ ಪುರಸೊತ್ತಿಲ್ಲ.

ಡಬ್ಬಿ ಆರಿತ್ತು, ಪುಣ್ಯಕ್ಕೆ ಸತ್ತಿರಲಿಲ್ಲ. ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಅಂಗಡಿಯವನು ಹೇಳಿದ ಕ್ರಮದಲ್ಲೇ ತಂತಿ ಸಿಕ್ಕಿಸಿದ. ಯಾರೂ ಹೇಳಿಕೊಡದೆ ಡಬ್ಬಿ ತಾನಾಗಿ ಇಪ್ಪತ್ನಾಲ್ಕು ಎಂದು ತೋರಿಸಿತು. ಹಸಿರು ದೀಪ ಮಿನುಗಿತು. ಜಕ್ಕಪ್ಪ ಕೈ ಮುಗಿದ.

ಸಂಜೆ ಕರೆಂಟ್ ಹೋಯಿತು. ಓಣಿಯೆಲ್ಲ ಕತ್ತಲು, ಡೇರಿಯಲ್ಲಿ ಮಾತ್ರ ಬೆಳಕು. ಕ್ಯಾನು ಹಿಡಿದು ಬಂದವರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರು. ಮುಳುಗಿದ ಸೂರ್ಯ ಇಲ್ಲಿ ಒಳಗೆ ಕೂತಿದ್ದಾನೆ ಎಂಬಂತೆ ಸತ್ತೆವ್ವ ಕೂಡ ಸೆರಗು ಹೊದ್ದು ನಿಂತಳು.

“ಮಷೀನ್ ನಡೀತೈತೇನೋ?” ಎಂದಳು, ಸಣ್ಣ ದನಿಯಲ್ಲಿ.

“ನೋಡ್ರೆಕ್ಕಾ,” ಎಂದು ಜಕ್ಕಪ್ಪ ಬೋಣಿಗೆಗೆ ತನ್ನ ಮನೆಯ ಹಾಲನ್ನೇ ಹಾಕಿದ. ತಾರವ್ವ ಬೇಡವೆಂದು ಕಣ್ಸನ್ನೆ ಮಾಡಿದ್ದು ಆ ಬೆಳಕಿನಲ್ಲೂ ಅವನಿಗೆ ಕಾಣಲಿಲ್ಲ.

ಮಷೀನು ಗುಂಯ್‌ಗುಟ್ಟಿತು. ಕೆಂಪು ಅಂಕಿ ಮೂಡಿತು: ಮೂರು ಪಾಯಿಂಟ್ ಎರಡು.

ಎಮ್ಮೆ ಹಾಲಿಗೆ ಅಷ್ಟೇ ಬರಬೇಕಾದರೆ ಅದರಲ್ಲಿ ಅರ್ಧ ಬಾವಿ ನೀರಿರಬೇಕು. ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಕ್ಯಾನಿನೊಳಗಿನ ಬಾವಿ ನೋಡಿಕೊಂಡರು. ಮೊದಲು ಸತ್ತೆವ್ವ ತನ್ನ ಕ್ಯಾನು ಎತ್ತಿಕೊಂಡಳು. ಹಿಂದೆ ಒಬ್ಬೊಬ್ಬರಾಗಿ ಓಣಿಯೇ ಹೊರಟಿತು, ಎದುರಿಗೆ, ಬಾಬಾಸಾಹೇಬ ಕಂದೀಲು ಹಚ್ಚಿ ಕಣ್ಣಂದಾಜಿನಲ್ಲಿ ಬರೆಯುತ್ತಿದ್ದ ಕಡೆಗೆ.

“ಆಕಿ ಎಂಟ್ ಬರಿ ಅಂದಿದ್ಲು. ಮಷೀನ್ ಯಾರಿಗಿ ಬೇಕಾಗಿತ್ತು?” ಎಂದು ತಾರವ್ವ ಮನೆಯ ಉಳಿದ ಹಾಲು ಎತ್ತಿಕೊಂಡು ಅವರ ಹಿಂದೆಯೇ ನಡೆದಳು.

ಜಕ್ಕಪ್ಪ ತೂತುಬಿದ್ದ ಪ್ಯಾಂಟಿನಲ್ಲೇ ಬಾಗಿಲಿಗೆ ಬಂದ. ಬೆನ್ನ ಹಿಂದೆ ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು.

“ಒಂದ್ ಕ್ಯಾನರ ಇಟ್ಟ್ ಹೋಗ್ರಿ,” ಎಂದ ಕತ್ತಲಿಗೆ.